ಬಿಜಾಪುರದ ಮೊದಲ ಬಿಷಪ್ ಮಾತೆವುಸ್ ದೆ ಕಾಸ್ತ್ರೊ: ಶಿಷ್ಯತ್ವದ ಎರಡು ಪಾಠಗಳು

ನಮ್ಮ ಕರಾವಳಿಯ ಯಾವುದೇ ಪಟ್ಟಣದಲ್ಲಿ ಹೊಸ ಕಟ್ಟಡ ಏಳುತ್ತಿರುವಲ್ಲಿ ನಿಂತು, ಅಲ್ಲಿ ಕಲ್ಲು ಮಣ್ಣು ಹೊರುವವರನ್ನು ಯಾವ ಊರೆಂದು ಕೇಳಿ ನೋಡಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಎಂಬ ಹೆಸರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಇಳಕಲ್ಲನ್ನು ನಾವು ಸೀರೆಯಿಂದ ಬಲ್ಲೆವು. ಬಾದಾಮಿಯನ್ನು ಶಾಲಾ ಪ್ರವಾಸದ ಗುಹೆಗಳಿಂದ ಬಲ್ಲೆವು. ಹುನಗುಂದದ ಕಡೆಯ ಕೂಡಲಸಂಗಮವನ್ನು ಬಸವಣ್ಣನವರಿಂದ ಬಲ್ಲೆವು. ಆದರೆ ಆ ನಾಡಿನ ಜನರನ್ನು ಮಾತ್ರ ಘಟ್ಟದವರು ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ನಾಲ್ಕು ಶತಮಾನಗಳ ಹಿಂದೆ ಈ ಊರುಗಳೆಲ್ಲ ಬಿಜಾಪುರದ ಆದಿಲ್‌ಶಾಹಿ ಸುಲ್ತಾನರ ರಾಜ್ಯಕ್ಕೆ ಸೇರಿದ್ದವು. ಆ ರಾಜ್ಯಕ್ಕೆಂದು ರೋಮಿನಿಂದ ಒಬ್ಬ ಬಿಷಪರ ನೇಮಕವಾಗಿತ್ತು. ಅವರು ಯೂರೋಪಿನವರಲ್ಲ. ನಮ್ಮ ಕೊಂಕಣಿ ಮಣ್ಣಿನ ಮಗ. ಲತೀನ್ ವಿಧಿಯ ಧರ್ಮಸಭೆಯಲ್ಲಿ ಬಿಷಪ್ ಪದವಿಗೇರಿದ ಮೊದಲ ಭಾರತೀಯ. ಅವರ ಹೆಸರು ಮಾತೆವುಸ್ ದೆ ಕಾಸ್ತ್ರೊ. ಧರ್ಮಸಭೆಯ ಚರಿತ್ರೆ ಓದಿದವರಿಗೆಲ್ಲ ಪರಿಚಿತ ಹೆಸರಿದು. ಆದರೂ ನಮ್ಮ ಪ್ರವಚನಗಳಲ್ಲಿ, ಧರ್ಮೋಪದೇಶ ತರಗತಿಗಳಲ್ಲಿ ಕೇಳಿಬರುವುದು ಕಡಿಮೆ. ಅದಕ್ಕೂ ಕಾರಣವಿದೆ. ಅವರು ಸಂತರಲ್ಲ. ಅವರ ಜೀವನದಲ್ಲಿ ದೊಡ್ಡ ಅನ್ಯಾಯವೂ ಇದೆ, ದೊಡ್ಡ ತಪ್ಪೂ ಇದೆ. ಕ್ರಿಸ್ತನ ಶಿಷ್ಯನಾಗಲು ಏನು ಬೇಕು, ಆ ಶಿಷ್ಯತ್ವ ಒಬ್ಬರಿಂದ ಮತ್ತೊಬ್ಬರಿಗೆ ಹೇಗೆ ದಾಟುತ್ತದೆ ಎಂದು ಯೋಚಿಸುವವರಿಗೆ ಆ ಎರಡೂ ಪಾಠವೇ.

ದಿವಾಡಿಯಿಂದ ರೋಮಿಗೆ

ಗೋವಾದ ಮಾಂಡವಿ ನದಿಯ ನಡುವೆ ದಿವಾಡಿ ಎಂಬ ದ್ವೀಪವಿದೆ. ಅಲ್ಲಿ ಸುಮಾರು 1594ರಲ್ಲಿ, ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬದಲ್ಲಿ ಮಾತೆವುಸರ ಜನನವಾಯಿತು. ಗೋವಾದಲ್ಲಿ ಪೋರ್ಚುಗೀಸರ ಆಳ್ವಿಕೆ ಆರಂಭವಾದದ್ದು 1510ರಲ್ಲಿ. ಅಷ್ಟು ಹೊತ್ತಿಗೆ ಅಲ್ಲಿ ಚರ್ಚುಗಳಿದ್ದವು, ಕಾಲೇಜುಗಳಿದ್ದವು, ಹುಟ್ಟಿನಿಂದಲೇ ಕ್ರೈಸ್ತರಾದ ಮಕ್ಕಳಿದ್ದರು. ಮಾತೆವುಸರು ಫ್ರಾನ್ಸಿಸ್ಕನ್ ಗುರುಗಳ ಬಳಿ ಓದಿದರು. ಗುರುವಾಗಬೇಕೆಂಬ ಆಸೆ ಅವರಲ್ಲಿ ಬೆಳೆಯಿತು.

ಆದರೆ ಬಾಗಿಲು ತೆರೆಯಲಿಲ್ಲ. ಆಗಿನ ಗೋವಾದ ಆರ್ಚ್‌ಬಿಷಪರು ಸ್ಥಳೀಯರಿಗೆ ಗುರುದೀಕ್ಷೆ ಕೊಡಲು ಒಪ್ಪುವವರಾಗಿರಲಿಲ್ಲ. ಧಾರ್ಮಿಕ ಸಭೆಗಳು ಬಹುಮಟ್ಟಿಗೆ ಭಾರತೀಯರನ್ನು ತಮ್ಮೊಳಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಸ್ಥಳೀಯ ಕ್ರೈಸ್ತನು ಜಪ ಕಲಿಯಬಹುದಿತ್ತು, ಚರ್ಚಿನಲ್ಲಿ ಹಾಡಬಹುದಿತ್ತು, ಮಿಶನರಿಗೆ ದುಭಾಷಿಯಾಗಬಹುದಿತ್ತು. ಆದರೆ ಅವನ ಕೈಯಲ್ಲಿ ಪಾನಪಾತ್ರೆ ಕೊಡಲು ಹಿಂಜರಿಕೆ ಇತ್ತು. ಅವನ ವಿಶ್ವಾಸ ಇನ್ನೂ ಗಟ್ಟಿಯಾಗಿಲ್ಲ, ಅವನ ಜನ ಅವನಿಗೆ ಗೌರವ ಕೊಡುವುದಿಲ್ಲ ಎಂಬ ಕಾರಣಗಳನ್ನು ಹೇಳಲಾಗುತ್ತಿತ್ತು. ಒಂದು ನೂರು ವರ್ಷ ಕಲಿಸಿದ ಮೇಲೂ ವಿದ್ಯಾರ್ಥಿ ವಿದ್ಯಾರ್ಥಿಯಾಗಿಯೇ ಉಳಿದಿದ್ದರೆ ತಪ್ಪು ಯಾರದು ಎಂಬ ಪ್ರಶ್ನೆಯನ್ನು ಕೇಳುವವರು ವಿರಳವಾಗಿದ್ದರು.

ಮಾತೆವುಸರು ಕೇಳಿದರು. 1621ರಲ್ಲಿ ಅವರು ಗೋವಾ ಬಿಟ್ಟು, ಪರ್ಷಿಯಾ ಮತ್ತು ಪವಿತ್ರ ನಾಡಿನ ಮಾರ್ಗವಾಗಿ ಪ್ರಯಾಣ ಮಾಡುತ್ತ 1625ರ ಹೊತ್ತಿಗೆ ರೋಮ್ ತಲುಪಿದರು. ಗುರುದೀಕ್ಷೆಯ ಆಸೆಗಾಗಿ ಒಬ್ಬ ಯುವಕ ಪರದೇಶಗಳಲ್ಲಿ ಕಳೆದ ಆ ನಾಲ್ಕು ವರ್ಷಗಳನ್ನು ನಾವು ಹಗುರವಾಗಿ ನೋಡಬಾರದು. ಶಿಷ್ಯತ್ವದ ಬೆಲೆ ಎಂದರೆ ಏನೆಂದು ಆ ಹಾದಿ ತೋರಿಸುತ್ತದೆ.

ರೋಮಿನಲ್ಲಿ ಗಾಳಿ ಬೇರೆಯಾಗಿತ್ತು. ವಿಶ್ವಾಸ ಪ್ರಚಾರಕ್ಕೆಂದು ಪ್ರೊಪಗಾಂಡಾ ಫೀದೆ ಎಂಬ ಮಂಡಳಿ 1622ರಲ್ಲಿ ಸ್ಥಾಪನೆಯಾಗಿತ್ತು. ಅದರ ಕಾರ್ಯದರ್ಶಿ ಫ್ರಾಂಚೆಸ್ಕೊ ಇಂಗೋಲಿಯವರು ಆಯಾ ನಾಡಿನ ಜನರೇ ಗುರುಗಳಾಗದೆ ಅಲ್ಲಿನ ಧರ್ಮಸಭೆ ಬೇರು ಬಿಡುವುದಿಲ್ಲವೆಂದು ದೃಢವಾಗಿ ನಂಬಿದ್ದವರು. ಅವರ ಬೆಂಬಲದಿಂದ ಮಾತೆವುಸರು ತತ್ವಶಾಸ್ತ್ರ ಮತ್ತು ದೈವಶಾಸ್ತ್ರ ಓದಿ, ಗುರುದೀಕ್ಷೆ ಪಡೆದರು. ತವರಿನಲ್ಲಿ ಸಿಗದ ದೀಕ್ಷೆ ಪರನಾಡಿನಲ್ಲಿ ಸಿಕ್ಕಿತು.

ಬಿಜಾಪುರದ ಬಿಷಪ್, ಬಿಚೋಲಿಯ ವಾಸ

1630ರ ದಶಕದಲ್ಲಿ ಅವರು ಗುರುವಾಗಿ ಗೋವಾಕ್ಕೆ ಮರಳಿದರು. ರೋಮಿನ ಪತ್ರಗಳು ಕೈಯಲ್ಲಿದ್ದರೂ ಅಲ್ಲಿನ ಅಧಿಕಾರಿಗಳು ಸಹಕರಿಸಲಿಲ್ಲ. ಕಾರಣ ಬರೀ ಬಣ್ಣವಲ್ಲ, ಅಧಿಕಾರವೂ ಹೌದು. ಪೂರ್ವದೇಶಗಳ ಧರ್ಮಸಭೆಯನ್ನು ನಡೆಸುವ ಹಕ್ಕು ಪದ್ರುವಾದೊ ಎಂಬ ಒಪ್ಪಂದದಂತೆ ಪೋರ್ಚುಗಲ್ ದೊರೆಗೆ ಸೇರಿತ್ತು. ರೋಮ್ ನೇರವಾಗಿ ಕಳುಹಿಸಿದ ಯಾರನ್ನೇ ಆಗಲಿ ಗೋವಾ ಸಂಶಯದಿಂದ ನೋಡುತ್ತಿತ್ತು. ಮಾತೆವುಸರು ಮತ್ತೆ ರೋಮಿಗೆ ಹೋದರು.

ಈ ಸಲ ರೋಮ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. 1637ರಲ್ಲಿ ಹೆಚ್ಚು ಸದ್ದು ಮಾಡದೆ ಅವರಿಗೆ ಬಿಷಪ್ ದೀಕ್ಷೆ ನೀಡಿ, ಪೋಪ್ ಜಗದ್ಗುರುಗಳ ಪ್ರತಿನಿಧಿ ಬಿಷಪರಾಗಿ ಬಿಜಾಪುರ ರಾಜ್ಯಕ್ಕೆ ನೇಮಿಸಿತು. ರೋಮಿನ ಕಾಗದಗಳಲ್ಲಿ ಆ ರಾಜ್ಯದ ಹೆಸರು ಇದಲ್ಕಾನ್. ಆದಿಲ್ ಖಾನ್ ಎಂಬ ಹೆಸರು ಪೋರ್ಚುಗೀಸರ ಬಾಯಲ್ಲಿ ಹೀಗಾಗಿತ್ತು. ಕೊಂಕಣ ಕರಾವಳಿಯಿಂದ ಘಟ್ಟ ಹತ್ತಿ ಮಲಪ್ರಭಾ, ಕೃಷ್ಣಾ ನದಿಗಳ ಬಯಲಿನವರೆಗೂ ಹಬ್ಬಿದ್ದ ರಾಜ್ಯವದು. ಬಾಗಲಕೋಟೆಯೂ ಬಾದಾಮಿಯ ಕೋಟೆಯೂ ಹುನಗುಂದ, ಇಳಕಲ್ಲುಗಳೂ ಅದರೊಳಗೆ. ಇಳಕಲ್ಲಿನ ಪೂರ್ವಕ್ಕಿರುವ ಮುದಗಲ್ಲಿನಲ್ಲಿ ಇಂದಿಗೂ ಹಳೆಯ ಕಥೋಲಿಕ ಸಮುದಾಯವಿದೆ. ಗೋವಾದಿಂದ ಬಂದ ಮಿಶನರಿಗಳ ಕಾಲಕ್ಕೆ ತಮ್ಮ ಮೂಲವನ್ನು ಒಯ್ಯುವ, ಕನ್ನಡದಲ್ಲೇ ಪ್ರಾರ್ಥಿಸುವ ಜನರು ಅವರು. ಸುಲ್ತಾನರ ಆಳ್ವಿಕೆ ಹೋಗಿ, ಮೊಗಲರ ಆಳ್ವಿಕೆ ಹೋಗಿ, ಎಷ್ಟೋ ಬದಲಾವಣೆಗಳಾದರೂ ಆ ವಿಶ್ವಾಸ ಉಳಿದು ಬಂತು. ಗುರುಗಳು ಬಂದುಹೋಗುತ್ತಾರೆ. ಸಂಜೆಯ ಜಪವನ್ನು ಮಕ್ಕಳಿಗೆ ಹೇಳಿಕೊಡುವ ತಾಯಂದಿರು ಇಲ್ಲದಿದ್ದರೆ ಇಂಥ ಸಮುದಾಯ ಎಲ್ಲಿಯೂ ಉಳಿಯದು.

ಹೊಸ ಬಿಷಪರಿಗೆ ಗೋವಾ ಈ ಬಾರಿಯೂ ಮನ್ನಣೆ ಕೊಡಲಿಲ್ಲ. ಅವರು ಗಡಿಯಾಚೆ, ಆಗ ಬಿಜಾಪುರಕ್ಕೆ ಸೇರಿದ್ದ ಬಿಚೋಲಿಯಲ್ಲಿ ನೆಲೆಸಿದರು. ಬಿಚೋಲಿ, ಬಾಂದಾ, ವೆಂಗುರ್ಲಗಳಲ್ಲಿ ಚರ್ಚುಗಳನ್ನು ಕಟ್ಟಿಸಿದರು. ಗೋವಾದಲ್ಲಿ ಅವಕಾಶ ಸಿಗದ ಸ್ಥಳೀಯ ಯುವಕರಿಗೆ ಗುರುದೀಕ್ಷೆ ಕೊಡತೊಡಗಿದರು. ತಾನು ತಟ್ಟಿ ತಟ್ಟಿ ಸೋತ ಬಾಗಿಲನ್ನು ಅಧಿಕಾರ ಸಿಕ್ಕಿದ ಕೂಡಲೇ ಇತರರಿಗೆ ತೆರೆದದ್ದು ಅವರ ಬದುಕಿನ ಉತ್ತಮ ಕೆಲಸ. ಕ್ರಿಸ್ತನ ಶಿಷ್ಯನು ತಾನು ಪಡೆದದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲ.

ಆದರೆ ದೂರುಗಳೂ ರೋಮಿಗೆ ಹೋದವು. ಲತೀನ್ ಬಾರದವರಿಗೆ, ಸರಿಯಾದ ತಯಾರಿ ಇಲ್ಲದವರಿಗೆ ಆತುರದಲ್ಲಿ ದೀಕ್ಷೆ ಕೊಡುತ್ತಿದ್ದಾರೆ ಎಂಬುದು ಮುಖ್ಯ ದೂರು. ದೂರಿದವರಲ್ಲಿ ಅಸೂಯೆ ಇದ್ದಿರಬಹುದು. ಆದರೂ ಗುರುಮಠದಲ್ಲಿ ವರ್ಷಗಟ್ಟಲೆ ಕಳೆದ ನಮಗೆ ಆ ದೂರನ್ನು ಪೂರ್ತಿ ತಳ್ಳಿಹಾಕಲು ಮನಸ್ಸು ಬಾರದು. ಬಾಗಿಲು ತೆರೆದರಷ್ಟೇ ಸಾಲದು, ಒಳಗೆ ಬಂದವರ ಜೊತೆ ಕುಳಿತು ಕಲಿಸುವ ತಾಳ್ಮೆಯೂ ಬೇಕು. ನಮ್ಮ ಪ್ರಭು ಮೂರು ವರ್ಷ ಹನ್ನೆರಡು ಮಂದಿಯ ಜೊತೆ ಉಂಡು, ನಡೆದು, ಅವರ ಮಂದಬುದ್ಧಿಯನ್ನು ಸಹಿಸಿ ಆಮೇಲೆ ಲೋಕಕ್ಕೆ ಕಳುಹಿಸಿದರು.

ನೋವು ಕಹಿಯಾದಾಗ

1640ರ ದಶಕದಲ್ಲಿ ಮಾತೆವುಸರು ಮತ್ತೆ ರೋಮಿಗೆ ಹೋಗಬೇಕಾಯಿತು. ಇಥಿಯೋಪಿಯಾದ ಹೊಣೆಯನ್ನೂ ಅವರಿಗೆ ವಹಿಸಲಾಯಿತು. ಕೆಂಪು ಸಮುದ್ರದ ತೀರದವರೆಗೆ ಹೋದರೂ ಆ ದೇಶದ ಒಳಗೆ ಕಾಲಿಡಲು ಅವರಿಗೆ ಆಗಲಿಲ್ಲ. ಮರಳಿ ಭಾರತಕ್ಕೆ ಬಂದಾಗ ಹಳೆಯ ಜಗಳ ಹಾಗೆಯೇ ಕಾದಿತ್ತು. ಅಷ್ಟರಲ್ಲಿ ಅವರ ಮನಸ್ಸಿನಲ್ಲಿ ಏನೋ ಮುರಿದಿತ್ತು.

1653ರಲ್ಲಿ ಅವರು ಬ್ರಾಹ್ಮಣರ ಕನ್ನಡಿ ಎಂಬ ಅರ್ಥದ ಹೆಸರಿನ ಬರಹವೊಂದನ್ನು ಬರೆದರು. ಗೋವಾದ ಬ್ರಾಹ್ಮಣ ಕ್ರೈಸ್ತರನ್ನು ಪೋರ್ಚುಗೀಸ್ ಆಡಳಿತದ ವಿರುದ್ಧ ಎಚ್ಚರಿಸುವ ಬರಹವದು. ಅಪಮಾನಕ್ಕೊಳಗಾದ ಒಂದು ಜನದ ನೋವು ಅದರಲ್ಲಿದೆ. ಆದರೆ ಆ ಕನ್ನಡಿಯಲ್ಲಿ ಎಲ್ಲರ ಮುಖವೂ ಕಾಣುವುದಿಲ್ಲ. ತಮ್ಮ ಕುಲದ ಹಿರಿಮೆಯೇ ಅವರ ವಾದದ ಆಧಾರವಾಗಿತ್ತು. ಬಿಳಿಯರು ತಮ್ಮನ್ನು ಕೀಳಾಗಿ ಕಂಡರೆಂದು ನೊಂದವರು, ತಮಗಿಂತ ಕೆಳಗಿನವರೆಂದು ಸಮಾಜ ಎಣಿಸಿದವರ ಬಗ್ಗೆ ಅಷ್ಟು ನೋಯಲಿಲ್ಲ.

ಇಲ್ಲಿ ನಮಗೆ ಹುನಗುಂದ ಸೀಮೆಯ ನೆನಪಾಗುತ್ತದೆ. ಬಿಷಪ್ ಮಾತೆವುಸರ ಹೊಣೆಗೆ ಸೇರಿದ್ದ ಆ ನಾಡಿನಲ್ಲೇ, ಅವರಿಗಿಂತ ಐದು ಶತಮಾನ ಮೊದಲು, ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಬಸವಣ್ಣನವರು ಕೂಡಲಸಂಗಮದಲ್ಲಿ ಕಲಿತು ಬೆಳೆದಿದ್ದರು. ಜನಿವಾರವನ್ನು ಬಿಟ್ಟು, ಕಲ್ಯಾಣದಲ್ಲಿ ಸಮಗಾರ ಹರಳಯ್ಯನನ್ನೂ ಮಡಿವಾಳ ಮಾಚಯ್ಯನನ್ನೂ ಸಮಾನರಾಗಿ ಕೂಡಿಸಿಕೊಂಡಿದ್ದರು. ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣ ಹೊತ್ತಿ ಉರಿದ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಆ ನಾಡಿನ ಬಿಷಪರಿಗೆ ಆ ನಾಡೇ ಒಂದು ಪಾಠ ಕಲಿಸಬಹುದಿತ್ತು. ಕಲಿಸಲು ಹೋದವನು ಕಲಿಯಲೂ ಸಿದ್ಧನಿರಬೇಕು ಎಂಬ ಮಾತು ಮಿಶನರಿಗಳಿಗೆ ಮಾತ್ರವಲ್ಲ, ಬಿಷಪರಿಗೂ ನಮ್ಮಂಥ ಗುರುಗಳಿಗೂ ಅನ್ವಯಿಸುತ್ತದೆ.

1654ರಲ್ಲಿ ಬಿಜಾಪುರದ ಸೈನ್ಯ ಗೋವಾದ ಗಡಿಯೊಳಗೆ ನುಗ್ಗಿತು. ಅದಕ್ಕೆ ಮಾತೆವುಸರ ಕುಮ್ಮಕ್ಕು ಇತ್ತೆಂದು ಪೋರ್ಚುಗೀಸರು ಆರೋಪಿಸಿದರು. ಡಚ್ಚರೊಂದಿಗೂ ಸಂಪರ್ಕ ಇಟ್ಟಿದ್ದಾರೆಂಬ ಮಾತು ಬಂತು. ಹೀಗೆ ಶುಭಸಂದೇಶದ ಸೇವೆಗೆಂದು ಹೊರಟ ಜೀವನ ಸೈನ್ಯ ಮತ್ತು ರಾಜಕೀಯದ ಕೆಸರಿನಲ್ಲಿ ಸಿಲುಕಿತು. 1658ರಲ್ಲಿ ಅವರು ಕೊನೆಯ ಬಾರಿ ರೋಮಿಗೆ ಹೋದರು. ಮುಂದಿನ ಸುಮಾರು ಇಪ್ಪತ್ತು ವರ್ಷ ಅಲ್ಲಿಯೇ ಕಳೆದು, 1677ರಲ್ಲಿ ತೀರಿಕೊಂಡರು. ದಿವಾಡಿಯ ಮಗನಿಗೆ ದಿವಾಡಿಯ ಮಣ್ಣು ಸಿಗಲಿಲ್ಲ.

ಅವರ ಹೋರಾಟ ವ್ಯರ್ಥವಾಯಿತೆಂದು ಹೇಳಲಾಗದು. 1659ರಲ್ಲಿ ಪ್ರೊಪಗಾಂಡಾ ಮಂಡಳಿ ಪೂರ್ವದೇಶಗಳಿಗೆ ಹೊರಟ ತನ್ನ ಬಿಷಪರಿಗೆ ಪ್ರಸಿದ್ಧವಾದ ಸೂಚನೆಗಳನ್ನು ಕೊಟ್ಟಿತು. ಸ್ಥಳೀಯರನ್ನು ಗುರುಗಳಾಗಿ ತಯಾರು ಮಾಡಬೇಕು, ಯೂರೋಪಿನ ಪದ್ಧತಿಗಳನ್ನು ಜನರ ಮೇಲೆ ಹೇರಬಾರದು ಎಂಬುದು ಅವುಗಳ ತಿರುಳು. ಮಾತೆವುಸರ ಸೋದರಳಿಯ ಕುಸ್ತೋದಿಯೊ ದೆ ಪಿನ್ಯೊ 1669ರಲ್ಲಿ ಬಿಜಾಪುರದ ಹೊಣೆಗೆ ನೇಮಕವಾದರು. ಆ ಹಳೆಯ ಬಿಜಾಪುರ ವಿಕಾರಿಯತಿನಿಂದಲೇ ಬೊಂಬಾಯಿ ಮಹಾಧರ್ಮಪ್ರಾಂತ್ಯ ತನ್ನ ಮೂಲವನ್ನು ಗುರುತಿಸುತ್ತದೆ. ಆದರೆ ಆ ತಲೆಮಾರಿನ ನಂತರ ದೇಶೀಯ ಬಿಷಪರ ಸಾಲು ನಿಂತುಹೋಯಿತು. ಲತೀನ್ ವಿಧಿಯಲ್ಲಿ ಆಧುನಿಕ ಕಾಲದ ಮೊದಲ ಭಾರತೀಯ ಬಿಷಪರನ್ನು ಕಾಣಲು 1923ರವರೆಗೆ, ತೂತುಕುಡಿಯ ಬಿಷಪ್ ತಿಬುರ್ಸಿಯುಸ್ ರೋಶ್ ಅವರವರೆಗೆ ಕಾಯಬೇಕಾಯಿತು. ನಮ್ಮ ಮಂಗಳೂರಿಗೆ ವಲೇರಿಯನ್ ಡಿಸೋಜರು ಮೊದಲ ಸ್ಥಳೀಯ ಬಿಷಪರಾಗಿ ಬಂದದ್ದು 1928ರಲ್ಲಿ. 1637ರಿಂದ ಲೆಕ್ಕ ಹಾಕಿದರೆ ಸುಮಾರು 290 ವರ್ಷಗಳ ವಿಳಂಬ!

ಅದೇ ಗಾಯ, ಬೇರೆ ಮದ್ದು

ಈ ಕಥೆಗೆ ನಮ್ಮ ಕರಾವಳಿಯ ನಂಟೂ ಇದೆ. ಮಾತೆವುಸರ ಇನ್ನೊಬ್ಬ ಸಂಬಂಧಿ ಬಿಷಪ್ ತೋಮಾಸ್ ದೆ ಕಾಸ್ತ್ರೊ 1670ರ ದಶಕದಲ್ಲಿ ರೋಮಿನ ಪ್ರತಿನಿಧಿಯಾಗಿ ಮಂಗಳೂರಿಗೆ ಬಂದರು. ಗೋವಾ ಅವರನ್ನೂ ಒಪ್ಪಲಿಲ್ಲ. ಕೆನರಾದ ಭಕ್ತರು ಎರಡು ಪಕ್ಷವಾದರು. ಯಾರಿಂದ ಸಂಸ್ಕಾರ ಪಡೆದರೆ ಸರಿ ಎಂಬ ಗೊಂದಲ ಮನೆ ಮನೆಗೂ ಬಂತು. ಆಗ, 1681ರಲ್ಲಿ, ಗೋವಾದಿಂದ ಬಂದ ಮೂವತ್ತು ವರ್ಷದ ಗುರುವೇ ಜುಜೆ ವಾಜ್. ಇಂದು ನಾವು ಸಂತ ಜೋಸೆಫ್ ವಾಜ್ ಎಂದು ಕರೆಯುವವರು.

ಅವರೂ ಕೊಂಕಣಿ ಬ್ರಾಹ್ಮಣ ಮೂಲದವರು. ಸ್ಥಳೀಯ ಗುರುಗಳಿಗೆ ಆಗುತ್ತಿದ್ದ ಅವಮಾನ ಅವರಿಗೂ ಗೊತ್ತಿತ್ತು. ಆದರೆ ಅವರು ಬಿಷಪ್ ತೋಮಾಸರನ್ನು ಎದುರಾಳಿಯಂತೆ ಕಾಣಲಿಲ್ಲ. ತಾವೇ ಹೋಗಿ ಭೇಟಿಯಾದರು, ಗೌರವದಿಂದ ಮಾತನಾಡಿದರು, ಜನರ ಆತ್ಮಕ್ಕೆ ಕೇಡಾಗದ ದಾರಿಯನ್ನು ಹುಡುಕಿದರು. ಉಳಿದ ಸಮಯವನ್ನು ಗಂಗೊಳ್ಳಿ, ಬಸ್ರೂರು, ಕಲ್ಯಾಣಪುರ, ಮಂಗಳೂರುಗಳ ನಡುವೆ ಕಾಲ್ನಡಿಗೆಯಲ್ಲಿ ಓಡಾಡಿ, ಮಕ್ಕಳಿಗೆ ಕಲಿಸುವುದರಲ್ಲಿ, ರೋಗಿಗಳನ್ನು ನೋಡುವುದರಲ್ಲಿ ಕಳೆದರು. 1684ರಲ್ಲಿ ಗೋವಾಕ್ಕೆ ಮರಳಿ, ಮರುವರ್ಷ ದೇಶೀಯ ಗುರುಗಳ ಓರೆಟರಿಗೆ ಮುಖ್ಯಸ್ಥರಾದರು. 1687ರಲ್ಲಿ ಬಡ ಕೂಲಿಯ ವೇಷದಲ್ಲಿ ಶ್ರೀಲಂಕಾಕ್ಕೆ ಹೋದರು. ಡಚ್ಚರ ಕಣ್ಣು ತಪ್ಪಿಸಿ, ಗುರುಗಳೇ ಇಲ್ಲದ ಊರುಗಳಲ್ಲಿ ಕುಟುಂಬ ಕುಟುಂಬವಾಗಿ ವಿಶ್ವಾಸವನ್ನು ಮತ್ತೆ ಹೊತ್ತಿಸಿದರು. ಮನೆಯ ಹಿರಿಯರನ್ನೇ ಉಪದೇಶಿಗಳನ್ನಾಗಿ ಮಾಡಿದರು. ಅವರ ನಂತರವೂ ಕೆಲಸ ನಿಲ್ಲಲಿಲ್ಲ. 1705ರಲ್ಲಿ ಅವರನ್ನು ಸೇರಿಕೊಂಡ ಜಾಕೊಮೆ ಗೊನ್ಸಾಲ್ವಿಸರು ಸಿಂಹಳ ಮತ್ತು ತಮಿಳು ಭಾಷೆಗಳಲ್ಲಿ ಪುಸ್ತಕಗಳನ್ನು ಬರೆದು ಆ ಧರ್ಮಸಭೆಗೆ ನಾಲಿಗೆ ಕೊಟ್ಟರು. 1711ರ ಜನವರಿ 16ರಂದು ತೀರಿಕೊಂಡ ಜೋಸೆಫ್ ವಾಜರನ್ನು 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಸಂತರೆಂದು ಘೋಷಿಸಿದರು.

ಇಬ್ಬರಿಗೂ ಆದ ಗಾಯ ಒಂದೇ. ಒಬ್ಬರು ಅದನ್ನು ಹಿಡಿದುಕೊಂಡು ಹೋರಾಡಿದರು. ಇನ್ನೊಬ್ಬರು ಅದನ್ನು ಶಿಲುಬೆಯ ಬುಡದಲ್ಲಿಟ್ಟು ಕೆಲಸಕ್ಕೆ ಹೊರಟರು. ಹಾಗೆಂದು ಮಾತೆವುಸರನ್ನು ತೀರ್ಪು ಮಾಡಲು ನಾವು ಯಾರು? ಅವರು ಬಾಗಿಲು ಬಡಿಯದಿದ್ದರೆ ವಾಜರಂಥವರ ಓರೆಟರಿಗೆ ದಾರಿ ಅಷ್ಟು ಬೇಗ ತೆರೆಯುತ್ತಿತ್ತೋ ಇಲ್ಲವೋ. ಅನ್ಯಾಯವನ್ನು ಅನ್ಯಾಯವೆಂದು ಹೇಳುವವರೂ ಧರ್ಮಸಭೆಗೆ ಬೇಕು. ಹೇಳಿದ ಮೇಲೆ ಹೃದಯ ಕಹಿಯಾಗದಂತೆ ಕಾಯ್ದುಕೊಳ್ಳುವ ಕೃಪೆಯೂ ಬೇಕು.

ನಮಗೆ ಉಳಿದಿರುವ ಪ್ರಶ್ನೆ

ಮಾತೆವುಸರ ಜೀವನದಿಂದ ನಮಗೆ ಎರಡು ಪಾಠಗಳು ಸಿಗುತ್ತವೆ. ಮೊದಲನೆಯದು ಕಲಿಸುವವರಿಗೆ. ಶಿಷ್ಯನನ್ನು ಸಮಾನನನ್ನಾಗಿ ಮಾಡಲು ಮನಸ್ಸಿಲ್ಲದವನು ಎಷ್ಟು ಕಲಿಸಿದರೂ ಶಿಷ್ಯತ್ವ ಮುಂದಕ್ಕೆ ದಾಟುವುದಿಲ್ಲ. ಪ್ರಭು ಶಿಷ್ಯರ ಪಾದ ತೊಳೆದು, ಅವರನ್ನು ಸ್ನೇಹಿತರೆಂದು ಕರೆದು, ತಮ್ಮ ಕೆಲಸವನ್ನೇ ಅವರ ಕೈಗೆ ಕೊಟ್ಟರು. ನಮ್ಮ ಧರ್ಮಕೇಂದ್ರಗಳಲ್ಲಿ ಹಾಗಾಗುತ್ತಿದೆಯೇ? ಇಪ್ಪತ್ತು ವರ್ಷಗಳಿಂದ ಒಬ್ಬರೇ ಗುರಿಕಾರರಾಗಿರುವ ವಾಳೆಗಳಿವೆ. ಕುರ್ಚಿ ಜೋಡಿಸಲು ಮಾತ್ರ ಯುವಕರನ್ನು ಕರೆದು, ನಿರ್ಧಾರದ ಸಭೆಗೆ ಕರೆಯದ ಸಮಿತಿಗಳಿವೆ. ಧರ್ಮೋಪದೇಶ ತರಗತಿಯಲ್ಲಿ ಮಕ್ಕಳು ಉತ್ತರ ಒಪ್ಪಿಸುತ್ತಾರೆ, ಆದರೆ ಹತ್ತನೆಯ ತರಗತಿ ದಾಟಿದ ಮೇಲೆ ಅವರಿಗೊಂದು ಹೊಣೆ ಕೊಡಲು ನಾವು ಹೆದರುತ್ತೇವೆ. ಇವರು ಇನ್ನೂ ಗಟ್ಟಿಯಾಗಿಲ್ಲ ಎನ್ನುತ್ತೇವೆ. ಹಳೆಯ ಗೋವಾದಲ್ಲೂ ಅದನ್ನೇ ಹೇಳಿದ್ದರು.

ಎರಡನೆಯದು ಕಲಿಯುವವರಿಗೆ. ನಮಗಾದ ಅವಮಾನ, ನಮಗಿಂತ ಕೆಳಗಿನವರನ್ನು ಅವಮಾನಿಸಲು ನಮಗೆ ಸಿಕ್ಕ ಪರವಾನಗಿಯಲ್ಲ. ಮದುವೆಯ ಸಂಬಂಧ ಹುಡುಕುವಾಗ ಬಾಮಣ, ಚಾರೊಡಿ ಎಂಬ ಹಳೆಯ ಹೆಸರುಗಳು ನಮ್ಮ ಮನೆಗಳಲ್ಲಿ ಇನ್ನೂ ಮೆಲ್ಲಗೆ ಕೇಳಿಬರುತ್ತವೆ. ನಮ್ಮ ಹಿರಿಯರು ಮೈಮೇಲೆ ಹಾಕಿಕೊಂಡ ದೀಕ್ಷಾಸ್ನಾನದ ನೀರು ಅಲ್ಲಿಯವರೆಗೆ ತಲುಪಿಲ್ಲವೆಂದು ತೋರುತ್ತದೆ.

ಹಾಗೆಯೇ ಕಟ್ಟಡದ ಕೆಳಗೆ ತಗಡಿನ ಶೆಡ್ಡಿನಲ್ಲಿ ವಾಸಿಸುವ ಬಾಗಲಕೋಟೆಯ ಕುಟುಂಬ. ಅವರನ್ನು ಕ್ರೈಸ್ತರನ್ನಾಗಿ ಮಾಡುವ ಮಾತನ್ನು ನಾವು ಇಲ್ಲಿ ಆಡುತ್ತಿಲ್ಲ. ಅವರಿಗೆ ಅವರ ದೇವರಿದ್ದಾನೆ, ಅವರ ಶರಣರಿದ್ದಾರೆ. ಅವರ ಮಗುವಿಗೆ ನಮ್ಮ ಶಾಲೆಯಲ್ಲಿ ಜಾಗವಿದೆಯೇ, ಅವರ ಕೂಲಿ ಶನಿವಾರ ಸರಿಯಾಗಿ ಕೈಸೇರಿದೆಯೇ, ಬಾವಿಯ ನೀರು ಅವರಿಗೂ ಸಿಗುತ್ತಿದೆಯೇ ಎಂಬುದಷ್ಟೇ ಪ್ರಶ್ನೆ. ಉತ್ತರ ಕರ್ನಾಟಕದಿಂದ ಬಂದ ಕ್ರೈಸ್ತರು ಕನ್ನಡ ಬಲಿಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ನಿಲ್ಲುವುದೂ ಉಂಟು. ಅವರಲ್ಲಿ ಒಬ್ಬರನ್ನು ವಾಚನ ಓದಲು ನಾವು ಎಂದಾದರೂ ಕರೆದಿದ್ದೇವೆಯೇ? ಬಿಜಾಪುರದ ಬಿಷಪರು ಆ ನಾಡಿನ ಒಳಸೀಮೆಯ ಜನರಿಗೆ ಕೊಡಲಾಗದೆ ಹೋದ ಪಾಲು, ನಾಲ್ಕು ನೂರು ವರ್ಷ ಕಳೆದು, ಘಟ್ಟ ಇಳಿದು ನಮ್ಮ ಬಾಗಿಲಿಗೆ ಬಂದು ನಿಂತಿದೆ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಆ ಹಿಂದಿನ ಬೆಂಚಿನವರ ಹೆಸರು ಕೇಳೋಣ. ಅಲ್ಲಿಂದ ಆರಂಭವಾಗಲಿ. ಸಂತ ಜೋಸೆಫ್ ವಾಜರು ನಮಗಾಗಿ ಪ್ರಾರ್ಥಿಸಲಿ. ಬಿಷಪ್ ಮಾತೆವುಸರ ಆತ್ಮಕ್ಕೆ ಪ್ರಭು ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ.